ಕೊನೆ ಕೊಯ್ದ ಮೇಲೆ ಬಂದ ಮೋಡ: 2021ರ ನವೆಂಬರ್‌ನ ಒಂದು ಪ್ರಕರಣ

2021ರ ನವೆಂಬರ್ 9, ಮಂಗಳವಾರ. ಬೆಳಿಗ್ಗೆ ಏಳೂವರೆಗೇ ಅಡಿಕೆ ಕೊನೆ ಕೊಯ್ಯುವ ಕೊನೆಗಾರರು ಅಂಗಳಕ್ಕೆ ಬಂದಾಗಿತ್ತು. ತೀರ್ಥಹಳ್ಳಿ ಪೇಟೆಯಿಂದ ಏಳೆಂಟು ಕಿಲೋಮೀಟರ್ ಒಳಗೆ ನಮ್ಮ ಮನೆ. ತುಂಗೆಯ ಕಡೆಯಿಂದ ಏಳುವ ಮಂಜು ಇನ್ನೂ ತೋಟದೊಳಗೆ ಕೂತೇ ಇತ್ತು. ಮೇಲೆ ಮಾತ್ರ ಆಕಾಶ ನೀಲಿ. ಮೂರು ದಿನದಿಂದ ಒಳ್ಳೆ ಬಿಸಿಲು. ಕೊನೆಗಾರರು ದೋಟಿ ಗೋಡೆಗೆ ಒರಗಿಸಿ, "ಗೌಡ್ರೇ, ಇವತ್ತು ಬಿಟ್ರೆ ನಾನು ಮತ್ತೆ ಸಿಗೋದು ಇಪ್ಪತ್ತರ ಮೇಲೆ" ಎಂದರು. ಅಪ್ಪಯ್ಯ ನನ್ನ ಮುಖ ನೋಡಿದರು. ನಾನು ಫೋನ್ ನೋಡಿದೆ. "ಕೊಯ್ಯಲಿ ಬಿಡಿ ಅಪ್ಪಯ್ಯ" ಎಂದೆ.

ಮುಂದೆ ಆದದ್ದಕ್ಕೆಲ್ಲ ಶುರು ಅಲ್ಲೇ. ಮಳೆ ಬಂದದ್ದು ನಾಲ್ಕು ದಿನ ಬಿಟ್ಟು. ಆದರೆ ಆ ಕೊಯ್ಲಿನ ಅಡಿಕೆಯ ಗತಿ ನಿಶ್ಚಯವಾದದ್ದು ಆ ಬೆಳಿಗ್ಗೆಯೇ. ಇದನ್ನು ಬರೆದಿಡುತ್ತಿರುವುದೂ ಅದಕ್ಕೇ. ಪ್ರತಿ ವರ್ಷ ದೀಪಾವಳಿ ಕಳೆದ ಮೇಲೆ ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಇದೇ ಬೆಳಿಗ್ಗೆ ಬರುತ್ತದೆ.

ಕೊಯ್ಲಿಗೆ ಮುಂಚಿನ ಲೆಕ್ಕ

ನಮ್ಮದು ಒಂದು ಎಕರೆ ಚಿಲ್ಲರೆ ತೋಟ. ಆ ವರ್ಷದ ಮೊದಲ ಕೊಯ್ಲು ಅಕ್ಟೋಬರ್ ಮೊದಲ ವಾರದಲ್ಲಿ ಆಗಿತ್ತು. 16 ಕ್ವಿಂಟಾಲ್ ಹಸಿ ಅಡಿಕೆಗೆ ಸರಿಯಾಗಿ 2 ಕ್ವಿಂಟಾಲ್ ರಾಶಿ, ಅಂದರೆ ಬೇಯಿಸಿ ಒಣಗಿಸಿದ ಅಡಿಕೆ, ಸಿಕ್ಕಿತ್ತು. ನಮ್ಮ ಕಡೆ ಕ್ವಿಂಟಾಲ್ ಹಸಿಗೆ 12ರಿಂದ 13 ಕೆಜಿ ಬಂದರೆ ಸರಿಯಾದ ಲೆಕ್ಕ. ಈಗ ಎರಡನೇ ಕೊಯ್ಲು. 18 ಕ್ವಿಂಟಾಲ್ ಆಗಬಹುದು ಎಂದು ಅಪ್ಪಯ್ಯನ ಅಂದಾಜು. ಅಷ್ಟೇ ಆಯಿತು ಕೂಡ.

ಅಡಿಕೆಯ ಕೆಲಸ ಗೊತ್ತಿಲ್ಲದವರಿಗೆ ಒಂದು ಮಾತು. ರಾಶಿ ಅಡಿಕೆ ಮಾಡಬೇಕಾದರೆ ಕಾಯಿ ಹಸಿರಾಗಿರುವಾಗಲೇ ಕೊಯ್ಯಬೇಕು. ಕೊಯ್ದದ್ದನ್ನು ಆವತ್ತೋ ಮರುದಿನವೋ ಸುಲಿಯಬೇಕು. ಸುಲಿದದ್ದನ್ನು ತಡ ಮಾಡದೆ ಹಂಡೆಗೆ ಹಾಕಿ ಚೊಗರಿನಲ್ಲಿ, ಅಂದರೆ ಅಡಿಕೆ ಬೆಂದ ಕಂದು ನೀರಿನಲ್ಲಿ, ಬೇಯಿಸಬೇಕು. ಬೆಂದದ್ದನ್ನು ಸೋಸಿ ಅಂಗಳದಲ್ಲಿ ಕಟ್ಟಿದ ತಟ್ಟಿಯ ಚಪ್ಪರದ ಮೇಲೆ ಬಿಸಿಲಿಗೆ ಹರವಬೇಕು. ಒಂದು ಹೆಜ್ಜೆ ಇಟ್ಟರೆ ಮುಂದಿನದಕ್ಕೆ ಕಾಯುವ ಹಾಗಿಲ್ಲ. ಗಿಡದಲ್ಲಿ ಇರುವಷ್ಟು ಹೊತ್ತು ಕಾಯಿ ನಿಮ್ಮ ಮಾತು ಕೇಳುತ್ತದೆ. ದೋಟಿಯ ಕತ್ತಿ ತಾಗಿ ಕೊನೆ ಕೆಳಗೆ ಬಂದ ಮೇಲೆ ನೀವು ಅದರ ಮಾತು ಕೇಳಬೇಕು.

ಬೆಂದ ಅಡಿಕೆಯಲ್ಲಿ ಅರ್ಧದಷ್ಟು ನೀರೇ. ಅಡಿಕೆ ಮಾರುವ ಮಂಡಿಗೆ ಹೋಗುವ ಹೊತ್ತಿಗೆ ಅದು ನೂರಕ್ಕೆ 10-12ಕ್ಕೆ ಇಳಿದಿರಬೇಕು. ಒಳ್ಳೆ ಬಿಸಿಲಿದ್ದರೆ ಆರೇಳು ದಿನದ ಕೆಲಸ. ನವೆಂಬರ್ ಬಿಸಿಲು ಎಂದರೆ ಎಷ್ಟು ಹೊತ್ತು ಅಂದುಕೊಂಡಿದ್ದೀರಿ? ಮಂಜು ಕರಗಿ ಚಪ್ಪರಕ್ಕೆ ಕಾವು ತಾಗುವಾಗ ಒಂಬತ್ತೂವರೆ. ನಾಲ್ಕೂವರೆಗೆ ಗುಡ್ಡದ ನೆರಳು ಅಂಗಳಕ್ಕೆ ಬರುತ್ತದೆ. ಏಳು ಗಂಟೆ, ಅಷ್ಟೇ. ಮೊದಲ ಎರಡು ದಿನದ ಏಳೇಳು ಗಂಟೆ ಸಿಕ್ಕರೆ ಮೇಲ್ಮೈ ಬಿಗಿದುಕೊಳ್ಳುತ್ತದೆ. ಆಮೇಲೆ ಒಂದು ದಿನ ಮೋಡ ಬಂದರೂ ಅಡಿಕೆ ತಡೆದುಕೊಳ್ಳುತ್ತದೆ. ಆ ಎರಡು ದಿನ ಸಿಗದಿದ್ದರೆ ಆಮೇಲೆ ವಾರ ಬಿಸಿಲು ಬಂದರೂ ಮೊದಲಿನ ಬಣ್ಣ ಬರುವುದಿಲ್ಲ.

ಹಾಗಾದರೆ ಅವತ್ತು ಯಾಕೆ ಕೊಯ್ದೆವು? ಕಾರಣಗಳು ಇದ್ದವು, ಸುಳ್ಳಲ್ಲ. ಕೊನೆಗಾರರು ಸಿಗುವುದೇ ಕಷ್ಟ. ಹತ್ತು ದಿನ ಬಿಟ್ಟರೆ ಬಲಿತ ಗೊನೆಗಳು ಹಣ್ಣಾಗಿ ಗೋಟಿಗೆ, ಅಂದರೆ ಸಿಪ್ಪೆ ಸಮೇತ ಒಣಗಿಸುವ ಹಣ್ಣಡಿಕೆಗೆ, ಹೋಗುತ್ತವೆ. ಗೋಟಡಿಕೆಗೆ ರಾಶಿಯ ರೇಟಿಲ್ಲ. ಚಪ್ಪರ ಕಟ್ಟಿ ರೆಡಿ ಇತ್ತು. ಎಲ್ಲಕ್ಕಿಂತ ಜಾಸ್ತಿ, ಕಣ್ಣೆದುರು ಬಿಸಿಲಿತ್ತು. ಬಿಸಿಲು ನೋಡುತ್ತಾ ನಿಂತವನಿಗೆ ಮಳೆ ನೆನಪಾಗುವುದು ಕಷ್ಟ.

ಫೋನಿನಲ್ಲಿ ಶನಿವಾರಕ್ಕೆ ಹಗುರ ಮಳೆ ಎಂದು ತೋರಿಸುತ್ತಿತ್ತು. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಎಂದು ಟಿವಿಯಲ್ಲೂ ಬಂದಿತ್ತು. ಚೆನ್ನೈಯಲ್ಲಿ ಆಗಲೇ ನೀರು ನಿಂತ ಚಿತ್ರಗಳು. "ಅದು ಅವರ ಕಡೆಯ ಮಳೆ" ಎಂದು ನಾವು ಊಟ ಮಾಡುತ್ತಾ ನೋಡಿದ್ದೆವು.

ಮೂಡು ಕಡೆಯ ಮೋಡ

ನಮ್ಮ ಊರಿನವರಿಗೆ ಮಳೆ ಎಂದರೆ ಪಡುವಣದಿಂದ ಬರುವುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ ಸಮುದ್ರದಿಂದ ಎದ್ದು ಆಗುಂಬೆ ಘಟ್ಟ ಹತ್ತಿ ಬರುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟುತ್ತದೆ. ನಮಗೆ ಅದರಲ್ಲಿ ಪಾಲು. ಆ ಮಳೆಗೆ ನಾವು ತಯಾರಿರುತ್ತೇವೆ. ಬರುವುದೂ ಗೊತ್ತು, ಬಿಡುವುದೂ ಗೊತ್ತು.

ಅಕ್ಟೋಬರ್‌ನಲ್ಲಿ ಗಾಳಿ ತಿರುಗುತ್ತದೆ. 2021ರಲ್ಲಿ ಮುಂಗಾರು ಇಡೀ ದೇಶದಿಂದ ಹಿಂದೆ ಸರಿದದ್ದು ಅಕ್ಟೋಬರ್ 25ಕ್ಕೆ. ಅದೇ ದಿನ ಹಿಂಗಾರು ಶುರುವಾಯಿತು ಎಂದು ಹವಾಮಾನ ಇಲಾಖೆ ಹೇಳಿತು. ಎರಡರ ನಡುವೆ ಒಂದು ದಿನವೂ ಬಿಡುವಿಲ್ಲ. ಸಾಮಾನ್ಯವಾಗಿ ಹಿಂಗಾರು ತಮಿಳುನಾಡಿನ ಮಳೆ. ನಮ್ಮ ಮಲೆನಾಡಿಗೆ ಅದು ಸಂಜೆ ಹೊತ್ತು ಗುಡುಗಿ, ಒಂದು ಗಂಟೆ ಸುರಿದು ಹೋಗುವ ಮಳೆ. ಹಿರಿಯರ ಲೆಕ್ಕದಲ್ಲಿ ಚಿತ್ತ, ಸ್ವಾತಿ, ವಿಶಾಖ. ನವೆಂಬರ್ 6ರ ಸುಮಾರಿಗೆ ವಿಶಾಖ ಮಳೆ ಹುಟ್ಟುತ್ತದೆ, 19ರ ಸುಮಾರಿಗೆ ಮುಗಿದು ಅನುರಾಧ ಬರುತ್ತದೆ. ಅನುರಾಧ ಹೊತ್ತಿಗೆ ಚಳಿ ಕೂತಿರಬೇಕು ಎಂದು ಅಮ್ಮನ ಲೆಕ್ಕ.

ಆದರೆ ಬಂಗಾಳ ಕೊಲ್ಲಿಯಲ್ಲಿ ಹುಟ್ಟಿದ ವಾಯುಭಾರ ಕುಸಿತ ಚೆನ್ನೈ ದಾಟಿದ ಕೂಡಲೇ ಸತ್ತು ಹೋಗುವುದಿಲ್ಲ. ನೆಲದ ಮೇಲೆ ಬಲ ಕಳೆದುಕೊಂಡರೂ ತೇವ ಹೊತ್ತುಕೊಂಡೇ ಪಡುವಣಕ್ಕೆ ಸಾಗುತ್ತದೆ. ಕೆಲವೊಮ್ಮೆ ಅರಬ್ಬಿ ಸಮುದ್ರಕ್ಕೆ ಇಳಿದು ಅಲ್ಲಿ ಮತ್ತೆ ಜೀವ ಪಡೆಯುತ್ತದೆ. ಆಗ ನಾವು ಎರಡರ ನಡುವೆ ಸಿಕ್ಕಿಬೀಳುತ್ತೇವೆ. ಮೂಡಿನಿಂದಲೂ ತೇವ, ಪಡುವಿನಿಂದಲೂ ತೇವ. ಆ ವರ್ಷ ನಡೆದದ್ದು ಅದೇ. ಮೊದಲ ವಾಯುಭಾರ ಕುಸಿತ ನವೆಂಬರ್ 11ರ ಸಂಜೆ ಚೆನ್ನೈ ಹತ್ತಿರ ದಡ ದಾಟಿತು. ಅದು ಮುಗಿಯುವುದರೊಳಗೆ ಕರ್ನಾಟಕದ ಕರಾವಳಿ ಎದುರು ಅರಬ್ಬಿ ಸಮುದ್ರದಲ್ಲಿ ಇನ್ನೊಂದು. 19ರ ಬೆಳಗಿನ ಜಾವ ಪುದುಚೇರಿ ಮತ್ತು ಚೆನ್ನೈ ನಡುವೆ ಮತ್ತೊಂದು ದಡ ಹತ್ತಿತು. 1901ರಿಂದ ಇಟ್ಟ ಲೆಕ್ಕದಲ್ಲಿ ದಕ್ಷಿಣ ಭಾರತಕ್ಕೆ ಅತಿ ಜಾಸ್ತಿ ಹಿಂಗಾರು ಮಳೆ ಬಿದ್ದದ್ದು ಆ ವರ್ಷವೇ.

ನಾವು ಅಡಿಕೆ ಕೊಯ್ದದ್ದು 9ಕ್ಕೆ. ಬೇಯಿಸಿ ಮುಗಿಸಿದ್ದು 10ರ ರಾತ್ರಿ. ಚಪ್ಪರಕ್ಕೆ ಹರವಿದ್ದು 11ರ ಬೆಳಿಗ್ಗೆ. ಮೇಲಿನ ತಾರೀಖಿನ ಜೊತೆ ಇಟ್ಟು ನೋಡಿದರೆ ಈಗಲೂ ಹೊಟ್ಟೆ ತೊಳೆಸಿದ ಹಾಗಾಗುತ್ತದೆ.

11ರಿಂದ 22ರವರೆಗೆ

11ನೇ ತಾರೀಖು ಗುರುವಾರ ಹನ್ನೊಂದು ಗಂಟೆಗೆ ಬಿಸಿಲು ಮಂಕಾಯಿತು. ಮೋಡ ಎಂದು ಹೇಳುವಂಥದ್ದೇನೂ ಇಲ್ಲ. ಆಕಾಶಕ್ಕೆ ತೆಳುವಾಗಿ ಹಾಲು ಬಳಿದ ಹಾಗೆ. ನೆರಳು ಬೀಳುತ್ತಿತ್ತು, ಆದರೆ ಅಂಚು ಚೂಪಾಗಿರಲಿಲ್ಲ. ಅಪ್ಪಯ್ಯ ಚಪ್ಪರದ ಮೇಲೆ ಕೂತು ಕೈಯಾಡಿಸುತ್ತಾ, "ಕಾವು ಸಾಲ್ತಿಲ್ಲ" ಎಂದರು. 12ರಂದು ಬಿಸಿಲು ಒಟ್ಟು ಎರಡು ಗಂಟೆ. ಸಂಜೆ ಅಡಿಕೆ ಮುಟ್ಟಿದರೆ ಕೈಗೆ ಚೊಗರು ಅಂಟುತ್ತಿತ್ತು. ಎರಡನೇ ದಿನದ ಸಂಜೆ ಅಂಟಬಾರದು.

13ರ ಶನಿವಾರ ಮಧ್ಯಾಹ್ನ ಮೂರಕ್ಕೆ ಮೂಡು ಕಪ್ಪಾಯಿತು. ಹನಿ ಬೀಳುವುದಕ್ಕೂ ಮುಂಚೆ ನಾವು ಅಡಿಕೆಯನ್ನೆಲ್ಲ ಚಪ್ಪರದ ನಡುವಿಗೆ ಗುಡ್ಡೆ ಮಾಡಿ ಟಾರ್ಪಾಲ್ ಮುಚ್ಚಿದ್ದೆವು. ಅದು ಪ್ರತಿ ಸಂಜೆ ಇಬ್ಬನಿಗೆ ಮಾಡುವ ಕೆಲಸವೇ. ಆದರೆ ಅವತ್ತು ಬಂದದ್ದು ಬಿಡುವ ಮಳೆಯಾಗಿರಲಿಲ್ಲ. ರಾತ್ರಿ ಹತ್ತಾದರೂ ಸುರಿಯುತ್ತಲೇ ಇತ್ತು. ಟಾರ್ಪಾಲ್ ಮೇಲೆ ನೀರು ನಿಂತು ಬಸಿರಿಯ ಹೊಟ್ಟೆಯ ಹಾಗೆ ಜಗ್ಗಿತು. ನಾನು ಏಣಿ ಹತ್ತಿ ಕೋಲಿನಿಂದ ಎತ್ತಿ ನೀರು ಚೆಲ್ಲುತ್ತಿದ್ದೆ. ಅಪ್ಪಯ್ಯ ಕೆಳಗೆ ಟಾರ್ಚ್ ಹಿಡಿದು ನಿಂತಿದ್ದರು. ಒಂದು ಸಲ ಟಾರ್ಪಾಲಿನ ಅಂಚು ಎತ್ತಿ ಗುಡ್ಡೆಯೊಳಗೆ ಕೈ ಹಾಕಿದೆ. ಬೆಚ್ಚಗಿತ್ತು. ಹೊರಗೆ ಅಷ್ಟು ತಣ್ಣಗೆ ಮಳೆ, ಒಳಗೆ ಆಗ ತಾನೇ ಕರೆದ ಹಾಲಿನಷ್ಟು ಬಿಸಿ. ಸಮಾಧಾನವಾಯಿತು, ಬೆಚ್ಚಗಿದ್ದರೆ ಒಣಗುತ್ತಿದೆ ಎಂದುಕೊಂಡೆ. "ಅಪ್ಪಯ್ಯ, ಒಳಗೆ ಬಿಸಿ ಇದೆ" ಎಂದು ಕೂಗಿದೆ. ಅವರು ಒಂದು ಕ್ಷಣ ಸುಮ್ಮನಿದ್ದು, "ಇಳಿ. ಗೋಣಿ ತಗೊಂಬಾ. ಈಗಲೇ ಒಳಗೆ ಹಾಕ್ಬೇಕು" ಎಂದರು.

ಬಿಸಿ ಎಂದರೆ ಬೇಯುತ್ತಿದೆ ಎಂದರ್ಥ. ಹಸಿ ಇರುವ ಅಡಿಕೆಯನ್ನು ಗಾಳಿ ಆಡದಂತೆ ಗುಡ್ಡೆ ಹಾಕಿ ಮುಚ್ಚಿದರೆ ಒಳಗೊಳಗೇ ಕೊಳೆ ಶುರುವಾಗಿ ಕಾವು ಏರುತ್ತದೆ. ಆಮೇಲೆ ಲೋಳೆ, ಅದರ ಮೇಲೆ ಬೂಷ್ಟು. ಆ ರಾತ್ರಿ ಒಂದು ಗಂಟೆಯವರೆಗೆ ನಾಲ್ಕೂ ಜನ ಸೇರಿ ಗೋಣಿಯಲ್ಲಿ ಹೊತ್ತು ತಂದು ಜಗಲಿಯಲ್ಲಿ, ನಡುಮನೆಯಲ್ಲಿ, ಕೊನೆಗೆ ನನ್ನ ಮಂಚದ ಕೆಳಗೂ ಹರವಿದೆವು. ಎರಡು ಫ್ಯಾನ್ ಇಟ್ಟೆವು. ಎರಡೂವರೆಗೆ ಕರೆಂಟ್ ಹೋಯಿತು.

14, 15, 16 ಪೂರ್ತಿ ಮಳೆ. ಜೋರಾಗಿ ಸುರಿದದ್ದು ಕಡಿಮೆ. ಜಿಟಿಜಿಟಿ ಹಿಡಿದದ್ದೇ ಜಾಸ್ತಿ. ತುಳಸಿ ಹಬ್ಬಕ್ಕೆ ಅಂಗಳದಲ್ಲಿ ಹಚ್ಚಿಟ್ಟ ಹಣತೆಗಳನ್ನು ಅಮ್ಮ ಮತ್ತೆ ಮತ್ತೆ ಒಳಗೆ ತರುತ್ತಿದ್ದಳು. 15ರ ಬೆಳಿಗ್ಗೆ ಮೂಲೆಯ ಅಡಿಕೆಯಲ್ಲಿ ಮೊದಲ ಬೂಷ್ಟು ಕಂಡಿತು, ಬಿಳಿ, ಹತ್ತಿಯ ಎಳೆಯ ಹಾಗೆ. ಬಚ್ಚಲ ಒಲೆಯ ಮೇಲಿನ ಅಟ್ಟ ಖಾಲಿ ಮಾಡಿ ಅಲ್ಲಿಗೆ ನಾಲ್ಕು ಗೋಣಿಯಷ್ಟನ್ನು ಹಾಕಿ, ಹಗಲೂ ರಾತ್ರಿ ಸೌದೆ ಉರಿಸಿದೆವು. ಅದು ಒಣಗಿತು, ನಿಜ. ಆದರೆ ಹೊಗೆ ಕುಡಿದು ಕಪ್ಪಾಯಿತು. 17ಕ್ಕೆ ಅರ್ಧ ದಿನ ಹೊಳವಾಯಿತು. ಅಷ್ಟನ್ನೂ ಹೊರಗೆ ಹೊತ್ತು, ಮೂರಕ್ಕೆ ಮತ್ತೆ ಒಳಗೆ ಹೊತ್ತೆವು. 18ರಿಂದ ಮತ್ತೆ ಹಿಡಿಯಿತು.

ಬೂಷ್ಟು ಬಂದದ್ದನ್ನು ತೊಳೆದು, ಮತ್ತೆ ಚೊಗರಿಗೆ ಹಾಕಿ ಒಂದು ಕುದಿ ಕುದಿಸಿ ತೆಗೆದೆವು. ಹೊರಗಿನ ಬಣ್ಣ ಬಂತು. ಒಳಗಿನದು ಬರಲಿಲ್ಲ.

ಬಿಸಿಲು ನಿಂತು ಕಾಯಲು ಶುರುವಾದದ್ದು 22ಕ್ಕೆ. ಹರವಿ ಹನ್ನೆರಡನೇ ದಿನ. ಆ ಹೊತ್ತಿಗೆ ಆ ಅಡಿಕೆ ಮಂಡಿಯಲ್ಲಿರಬೇಕಿತ್ತು.

ಒಂದು ಅಡಿಕೆಯ ಒಳಗೆ

ಡಿಸೆಂಬರ್ ಮೊದಲ ವಾರ ಅಪ್ಪಯ್ಯ ಜಗಲಿಯಲ್ಲಿ ಕೂತು ಅಡಕತ್ತರಿಯಲ್ಲಿ ಒಂದೊಂದೇ ಕತ್ತರಿಸಿ ನೋಡುತ್ತಿದ್ದರು. ಮೊದಲ ಕೊಯ್ಲಿನದು ಒಂದು, ಈ ಕೊಯ್ಲಿನದು ಒಂದು, ಪಕ್ಕಪಕ್ಕ. ಮೊದಲನೆಯದು ಟಕ್ ಎಂದು ಒಡೆಯಿತು. ಒಳಗೆ ಬಿಳಿ ಮತ್ತು ಕಂದು ಗೆರೆಗಳು ಬೇರೆ ಬೇರೆಯಾಗಿ ಎದ್ದು ಕಾಣುತ್ತಿದ್ದವು. ಎರಡನೆಯದಕ್ಕೆ ಕತ್ತರಿ ಒತ್ತಬೇಕಾಯಿತು. ಒಡೆದ ಸದ್ದೂ ಮೊಂಡು. ಬಿಳಿ ಇರಬೇಕಾದ ಕಡೆ ಹಳದಿ ತಿರುಗಿತ್ತು, ನಡುವಿನಲ್ಲಿ ಕೂದಲೆಳೆಯಷ್ಟು ಕಪ್ಪು ಗೆರೆ. ಮೂಗಿಗೆ ಹಿಡಿದರೆ ಹಳೆ ಗೋಣಿಯ ವಾಸನೆ. ಅಪ್ಪಯ್ಯ ಅದನ್ನು ನನ್ನ ಕೈಗೆ ಕೊಟ್ಟರು, ಏನೂ ಹೇಳಲಿಲ್ಲ.

ಮಂಡಿಯಲ್ಲೂ ಅದೇ ಕಂಡಿತು. ಕೊಳ್ಳುವವರಿಗೆ ಮುಷ್ಟಿಯಲ್ಲಿ ಹಿಡಿದು ಗಲಗಲ ಅನ್ನಿಸಿದರೇ ಸಾಕು, ಗೊತ್ತಾಗುತ್ತದೆ. ಲೆಕ್ಕ ಹೀಗೆ: ಬರಬೇಕಾದದ್ದು 2 ಕ್ವಿಂಟಾಲ್ 25 ಕೆಜಿ. ಬಂದದ್ದು 2 ಕ್ವಿಂಟಾಲ್ 10 ಕೆಜಿ. ಅದರಲ್ಲಿ 1 ಕ್ವಿಂಟಾಲ್ 30 ಕೆಜಿ ರಾಶಿ ಎಂದು ಹೋಯಿತು, ಮೊದಲ ಕೊಯ್ಲಿನದಕ್ಕಿಂತ ಕ್ವಿಂಟಾಲಿಗೆ 4 ಸಾವಿರ ಕಡಿಮೆಗೆ. ಉಳಿದ 80 ಕೆಜಿ ಅರ್ಧ ರೇಟಿಗೆ. ಒಟ್ಟು ಸುಮಾರು 30 ಸಾವಿರ ಹೋಯಿತು. ಸೌದೆ, ಎರಡನೇ ಸಲದ ಬೇಯಿಸುವಿಕೆ, ಹದಿನೈದು ದಿನದ ಮನೆಯವರ ಕೂಲಿ ಇದರಲ್ಲಿ ಸೇರಿಲ್ಲ. ಒಂದು ಎಕರೆಯವರಿಗೆ 30 ಸಾವಿರ ಎಂದರೆ ಒಂದು ವರ್ಷದ ಗೊಬ್ಬರದ ಖರ್ಚು.

ಅದೇ ಮಳೆ, ಬೇರೆ ಮನೆಗಳು

ನಮ್ಮ ಕೇರಿಯಲ್ಲೇ ಅದೇ ವಾರ ಇನ್ನಿಬ್ಬರ ಕೊಯ್ಲಿನ ಸರದಿಯೂ ಬಂದಿತ್ತು. ಅವರ ಕಥೆ ಇಲ್ಲದೆ ನಮ್ಮದು ಅರ್ಧ.

ಕೆಳಗಿನ ಮನೆಯವರು 10ಕ್ಕೆ ಕೊಯ್ಯಬೇಕಿತ್ತು. ಅವರ ಕೊನೆಗಾರರಿಗೆ ಜ್ವರ ಬಂತು. ಅವರು ಬೈದುಕೊಂಡೇ ಬಿಟ್ಟರು. ಕೊನೆಗೆ 24ಕ್ಕೆ ಕೊಯ್ದರು. ಐದರಲ್ಲಿ ಒಂದು ಪಾಲು ಹಣ್ಣಾಗಿ ಗೋಟಿಗೆ ಹೋಗಿತ್ತು. ಉಳಿದದ್ದು ಒಳ್ಳೆ ರಾಶಿಯಾಗಿ ಒಣಗಿತು. ಗೋಟಿನಲ್ಲಿ ಆದ ನಷ್ಟ ಸೇರಿಸಿದರೂ ನಮ್ಮದರ ಅರ್ಧವೂ ಆಗಲಿಲ್ಲ. "ಹಣ್ಣಾಗುತ್ತದೆ" ಎಂಬ ಹೆದರಿಕೆಗೆ ನಾವು ಕೊಟ್ಟ ಬೆಲೆ ಜಾಸ್ತಿಯಾಯಿತು ಎಂದು ನನಗೆ ಖಾತ್ರಿಯಾದದ್ದು ಅವರ ಲೆಕ್ಕ ಕೇಳಿದ ಮೇಲೆ. ಹಣ್ಣಾದ ಕಾಯಿ ಗೋಟಾಗಿಯಾದರೂ ಮಾರಾಟವಾಗುತ್ತದೆ. ಸಿಪ್ಪೆ ಸಮೇತ ತಿಂಗಳುಗಟ್ಟಲೆ ಒಣಗುವ ಮಾಲು ಅದು, ನಾಲ್ಕು ದಿನದ ಮೋಡಕ್ಕೆ ಅಂಜುವುದಿಲ್ಲ. ಬೂಷ್ಟು ಹಿಡಿದ ರಾಶಿಗೆ ಮಾತ್ರ ಹಿಂದಿರುಗುವ ದಾರಿಯಿಲ್ಲ.

ಮೇಲಿನ ಮನೆ ದೊಡ್ಡಪ್ಪ ನಮಗಿಂತ ಒಂದು ದಿನ ಮುಂಚೆ, 8ಕ್ಕೇ ಕೊಯ್ದಿದ್ದರು. ಅವರಲ್ಲಿ ಪ್ಲಾಸ್ಟಿಕ್ ಹಾಳೆಯ ಗೂಡು ಇತ್ತು. ಕಬ್ಬಿಣದ ಪೈಪು ಬಾಗಿಸಿ, ಮೇಲೆ ದಪ್ಪನೆಯ ಪಾಲಿಥೀನ್ ಹೊದಿಸಿದ್ದು. ಅದರೊಳಗೆ ಮೋಡದ ದಿನವೂ ಹೊರಗಿಗಿಂತ ಬಿಸಿ ಇರುತ್ತದೆ. ಅವರ ಅಡಿಕೆ ಉಳಿಯಿತು, ಆದರೆ ಸುಮ್ನೆ ಉಳಿಯಲಿಲ್ಲ. 14ರ ಬೆಳಿಗ್ಗೆ ನಾನು ಹೋಗಿ ನೋಡಿದಾಗ ಹಾಳೆಯ ಒಳಮೈಯಲ್ಲಿ ಹಬೆ ನೀರಾಗಿ ಸಾಲುಗಟ್ಟಿ ತೊಟ್ಟಿಕ್ಕುತ್ತಿತ್ತು. ಅಡಿಕೆಯಿಂದ ಹೋದ ನೀರು ಮತ್ತೆ ಅಡಿಕೆಗೇ. ದೊಡ್ಡಪ್ಪ ಎರಡೂ ತುದಿಯ ಹಾಳೆ ಎತ್ತಿ ಕಟ್ಟಿ, ಒಂದು ಕಡೆ ಫ್ಯಾನ್ ಇಟ್ಟು, ಒಳಗೆ ಬಗ್ಗಿಕೊಂಡು ಬಟ್ಟೆಯಿಂದ ಹಾಳೆ ಒರೆಸುತ್ತಿದ್ದರು. "ಮಾರಾಯ, ಗೂಡು ಕಟ್ಟಿದ್ರೆ ಆಗಲ್ಲ, ಅದಕ್ಕೆ ಮೂಗೂ ಇಡ್ಬೇಕು" ಎಂದರು. ಅವರ ಮಾತು ಈಗಲೂ ನೆನಪಿದೆ. ಸಹಾಯಧನದಲ್ಲಿ ಗೂಡು ಹಾಕಿಸಿಕೊಂಡು ಗಾಳಿಗೆ ದಾರಿ ಬಿಡದೆ, "ಇದು ಕೆಲಸ ಮಾಡಲ್ಲ" ಎನ್ನುವವರನ್ನು ಆಮೇಲೆ ಎಷ್ಟೋ ಕಡೆ ನೋಡಿದ್ದೇನೆ.

ಹಸಿ ಅಡಿಕೆಯನ್ನೇ ಖೇಣಿಗೆ, ಅಂದರೆ ಕೊಂಡು ತಾವೇ ಬೇಯಿಸಿ ಒಣಗಿಸುವವರಿಗೆ, ಕೊಟ್ಟವರೂ ಊರಿನಲ್ಲಿದ್ದರು. ಅವರಿಗೆ ಮಳೆಯ ಚಿಂತೆಯೇ ಇರಲಿಲ್ಲ. ಚಿಂತೆ ಖೇಣಿದಾರರ ಮನೆಗೆ ಹೋಗಿತ್ತು, ಅಷ್ಟೇ.

ಹಳದಿ ಬಣ್ಣ ಯಾರಿಗೆ

ಈ ಪ್ರಕರಣದಲ್ಲಿ ನನಗೆ ಅತಿ ಮುಖ್ಯ ಎನಿಸಿದ್ದು ಇದು. ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಮುನ್ಸೂಚನೆ ತಪ್ಪಿತ್ತು ಎಂದು ಊರಲ್ಲಿ ಎಲ್ಲರೂ ಬೈದರು. ನಾನೂ ಬೈದೆ. ಆಮೇಲೆ ಕೂತು ನೋಡಿದರೆ ತಪ್ಪಿರಲಿಲ್ಲ. ಶನಿವಾರ ಮಳೆ ಎಂದಿತ್ತು, ಶನಿವಾರವೇ ಬಂತು. ನಾವು ಅದನ್ನು ಓದಿದ ರೀತಿ ತಪ್ಪು.

ನಾವೆಲ್ಲ ನೋಡುವುದು ಬಣ್ಣ. ಜಿಲ್ಲೆಗೆ ಹಳದಿ ಇದೆಯಾ, ಕಿತ್ತಳೆ ಇದೆಯಾ, ಕೆಂಪು ಇದೆಯಾ. ಏನೂ ಇಲ್ಲದಿದ್ದರೆ ಹಸಿರು, ಅಂದರೆ ಧೈರ್ಯ. ಆದರೆ ಮಳೆಯ ಎಚ್ಚರಿಕೆಯ ಬಣ್ಣ ಇರುವುದು ಭಾರಿ ಮಳೆಗೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಭಾರಿ ಎಂದರೆ ಒಂದು ದಿನಕ್ಕೆ 64.5 ಮಿಲಿಮೀಟರ್ ಅಥವಾ ಅದಕ್ಕಿಂತ ಮೇಲೆ. ರಸ್ತೆ ಕೊಚ್ಚಿ ಹೋಗುವುದು, ಗುಡ್ಡ ಜರಿಯುವುದು, ಮಕ್ಕಳಿಗೆ ಶಾಲೆಗೆ ರಜೆ ಕೊಡುವುದು ಇಂಥದ್ದಕ್ಕೆ ಆ ಗೆರೆ ಸರಿ. 2.5ರಿಂದ 15.5 ಮಿಲಿಮೀಟರ್ ಬಿದ್ದರೆ ಅದು ಹಗುರ ಮಳೆ. ಅದಕ್ಕೆ ಯಾವ ಬಣ್ಣವೂ ಇಲ್ಲ. ಬೆಂದ ಅಡಿಕೆ ಹರವಿದವರಿಗೆ 3 ಮಿಲಿಮೀಟರ್ ಮತ್ತು 70 ಮಿಲಿಮೀಟರ್ ನಡುವೆ ದೊಡ್ಡ ವ್ಯತ್ಯಾಸವೇನೂ ಇಲ್ಲ. ಎರಡರಲ್ಲೂ ಬಿಸಿಲು ಹೋಯಿತು. ಮಳೆಯೇ ಬೀಳದೆ ಬರೀ ಮೋಡ ಕವಿದು, ಗಾಳಿಯಲ್ಲಿ ತೇವ ತುಂಬಿದರೂ ಅಡಿಕೆ ಒಣಗುವುದಿಲ್ಲ. ಒಣಗಿದ್ದೂ ಮತ್ತೆ ತೇವ ಎಳೆದುಕೊಳ್ಳುತ್ತದೆ. 11 ಮತ್ತು 12ನೇ ತಾರೀಖು ನಮ್ಮಲ್ಲಿ ಒಂದು ಹನಿಯೂ ಬಿದ್ದಿರಲಿಲ್ಲ. ನಮ್ಮ ಅಡಿಕೆ ಅರ್ಧ ಕೆಟ್ಟದ್ದು ಆ ಎರಡು ದಿನದಲ್ಲೇ.

ಹಾಗಾಗಿ ಕೇಳಬೇಕಾದ ಪ್ರಶ್ನೆ ಮಳೆ ಬರುತ್ತದಾ ಎಂಬುದಾಗಿರಲಿಲ್ಲ. ಕೊಯ್ದ ಮೂರನೇ ದಿನದಿಂದ ನಾಲ್ಕು ದಿನ ಆಕಾಶ ತೆರೆದಿರುತ್ತದಾ ಎಂದು ಕೇಳಬೇಕಿತ್ತು. ಉತ್ತರ ಆಗಲೂ ಕೈಗೆ ಸಿಗುವ ಹಾಗಿತ್ತು. ಮಂಗಳವಾರ ಮತ್ತು ಶುಕ್ರವಾರ ಜಿಲ್ಲೆಯ ರೈತರಿಗೆಂದು ಬರುವ ಕೃಷಿ ಹವಾಮಾನ ವರದಿಯಲ್ಲಿ ಮುಂದಿನ ಐದು ದಿನದ ಮಳೆಯ ಜೊತೆಗೆ ಮೋಡ ಎಷ್ಟು, ಗಾಳಿಯ ತೇವ ಎಷ್ಟು, ಗಾಳಿ ಯಾವ ದಿಕ್ಕಿಂದ ಎಂದೂ ಇರುತ್ತದೆ. ಮೇಘದೂತ್ ಆಪ್‌ನಲ್ಲೂ ಅದು ಸಿಗುತ್ತದೆ. ನಾವು ಮಳೆಯ ಸಾಲು ನೋಡಿ ಮುಚ್ಚುತ್ತಿದ್ದೆವು. ಕೆಳಗಿನ ಸಾಲುಗಳನ್ನು ಓದುತ್ತಲೇ ಇರಲಿಲ್ಲ.

ಇನ್ನೊಂದು ಮಾತು ಮನಸ್ಸಿಗೆ ಬಹಳ ನಾಟಿದೆ. ಆ ನವೆಂಬರ್‌ನಲ್ಲಿ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆ ಕಟಾವಿಗೆ ಬಂದ ರಾಗಿ ಹೊಲದಲ್ಲೇ ಮಲಗಿ ತೆನೆಯಲ್ಲೇ ಮೊಳಕೆ ಒಡೆಯಿತು. ಚಿಕ್ಕಮಗಳೂರು, ಕೊಡಗಿನಲ್ಲಿ ಕಾಫಿ ಹಣ್ಣು ಬಿರಿದು ಉದುರಿತು. ಯಲಹಂಕದಲ್ಲಿ ಅಪಾರ್ಟ್‌ಮೆಂಟಿನೊಳಗೆ ನೀರು ನುಗ್ಗಿತು. ಅದೆಲ್ಲ ಫೋಟೋದಲ್ಲಿ ಕಾಣುವ ನಷ್ಟ. ಜನ ನೋಡಿದರು, ನೋಡಲೇಬೇಕಿತ್ತು. ನಮ್ಮ ಮಂಚದ ಕೆಳಗೆ ಬೂಷ್ಟು ಹಿಡಿದದ್ದಕ್ಕೆ ಫೋಟೋ ಇಲ್ಲ. ಬೆಳೆ ಪರಿಹಾರಕ್ಕೆ ನಿಂತ ಬೆಳೆ ಶೇಕಡಾ 33ರಷ್ಟಾದರೂ ಹಾಳಾಗಿರಬೇಕು. ನಮ್ಮ ಬೆಳೆ ನಿಂತಿರಲಿಲ್ಲ, ಕೊಯ್ದಾಗಿತ್ತು. ಹವಾಮಾನ ಆಧಾರಿತ ವಿಮೆ ಅಡಿಕೆಗೆ ಇದೆ, ಆದರೆ ಅದರ ಲೆಕ್ಕವೂ ಮರದ ಮೇಲಿನ ಫಸಲಿನದು. ಅಂಗಳಕ್ಕೆ ಬಂದ ಮೇಲೆ ಅಡಿಕೆ ಮನೆಯವರದ್ದೇ ಹೊಣೆ. ಒಣಗಿಸುವುದೂ ಬೇಸಾಯದ ಭಾಗವೇ ಅಲ್ವಾ? ಕೊನೆ ಇಳಿಸಿದ ಕೂಡಲೇ ಬೆಳೆ ಮುಗಿಯಿತು ಎನ್ನುವ ಈ ಲೆಕ್ಕ ಮಲೆನಾಡಿನ ಮನೆಗಳಿಗೆ ಹೊಂದುವುದಿಲ್ಲ. ಇದು ಬದಲಾಗಬೇಕು ಎಂದು ಮನಸಾರೆ ಹೇಳುತ್ತೇನೆ.

2024, ಮತ್ತೆ ಅದೇ ಅಂಗಳ

ನಾವು ಮಾಡಿಕೊಂಡ ಬದಲಾವಣೆ ದೊಡ್ಡದೇನಲ್ಲ. 2022ರಲ್ಲಿ ದೊಡ್ಡಪ್ಪನ ಹಾಗೆ ಒಂದು ಗೂಡು ಕಟ್ಟಿದೆವು, ಎರಡೂ ಕಡೆ ಹಾಳೆ ಎತ್ತುವ ಹಾಗೆ, ತುದಿಯಲ್ಲಿ ಮೇಲುಗಡೆ ಹಬೆ ಹೋಗಲು ಕಿಂಡಿ ಬಿಟ್ಟು. ಇಡೀ ಕೊಯ್ಲು ಅದರಲ್ಲಿ ಹಿಡಿಸುವುದಿಲ್ಲ, ಮುಕ್ಕಾಲು ಹಿಡಿಸುತ್ತದೆ. ಕೊನೆಗಾರರ ಜೊತೆ ಮಾತಾಡಿ, ನಮ್ಮ ಮನೆ ಮತ್ತು ಕೆಳಗಿನ ಮನೆಯ ಸರದಿಯನ್ನು ಅದಲು ಬದಲು ಮಾಡಿಕೊಳ್ಳುವ ಒಪ್ಪಂದಕ್ಕೆ ಬಂದೆವು. ಯಾರ ಚಪ್ಪರ ಖಾಲಿಯೋ ಅವರದ್ದು ಮೊದಲು.

2024ರ ನವೆಂಬರ್ ಕೊನೆಗೆ ಇದು ಪರೀಕ್ಷೆಗೆ ಬಂತು. ಬಂಗಾಳ ಕೊಲ್ಲಿಯಲ್ಲಿ ಫೆಂಗಲ್ ಚಂಡಮಾರುತ ಎದ್ದಿತ್ತು. 30ರ ಶನಿವಾರ ರಾತ್ರಿ ಪುದುಚೇರಿ ಹತ್ತಿರ ದಡ ಹತ್ತಿತು. ನಮ್ಮ ಕೊಯ್ಲಿಗೆ ಗೊತ್ತಾಗಿದ್ದ ದಿನ 29. ಎಲೆಚುಕ್ಕಿ ರೋಗದಿಂದ ಆ ವರ್ಷ ಫಸಲೇ ಕಡಿಮೆ. ಇದ್ದದ್ದನ್ನು ಕಳೆದುಕೊಳ್ಳುವ ಹಾಗಿರಲಿಲ್ಲ. 28ರ ಸಂಜೆ ಅಪ್ಪಯ್ಯ ತೋಟಕ್ಕೆ ಹೋಗಿ ಗೊನೆ ನೋಡಿ ಬಂದರು. ನಾನು ವರದಿಯ ಕೆಳಗಿನ ಸಾಲುಗಳನ್ನು ಓದಿ ಹೇಳಿದೆ: ಭಾನುವಾರದಿಂದ ಮೋಡ, ಗಾಳಿ ಮೂಡಿನಿಂದ.

29ರ ಬೆಳಿಗ್ಗೆ ಕೊನೆಗಾರರು ಬಂದಾಗ ಆಕಾಶ 2021ರ ಹಾಗೇ ನೀಲಿ ಇತ್ತು. ಅಪ್ಪಯ್ಯ ಅವರಿಗೆ ಕಾಫಿ ಕೊಟ್ಟು, "ಇವತ್ತು ಬೇಡ. ಬಂದ ಕೂಲಿ ಕೊಡ್ತೀನಿ. ಐದರ ಮೇಲೆ ನೋಡಣ" ಎಂದರು. ಕೊನೆಗಾರರು ಮೇಲೆ ನೋಡಿ, "ಎಂಥಾ ಬಿಸಿಲು ಇದೆ ಗೌಡ್ರೇ" ಎಂದರು. ಅಪ್ಪಯ್ಯ ಮೂಡು ಕಡೆ ಕೈ ತೋರಿಸಿದರು. ಅಲ್ಲಿ ಕಾಣುವಂಥದ್ದು ಏನೂ ಇರಲಿಲ್ಲ.

ಡಿಸೆಂಬರ್ 2 ಮತ್ತು 3ಕ್ಕೆ ಕರಾವಳಿ, ಮಲೆನಾಡು ಎಲ್ಲ ಕಡೆ ಮಳೆ ಹಿಡಿಯಿತು. ಖಾಲಿ ಚಪ್ಪರದ ತಟ್ಟಿಗಳ ಮೇಲೆ ನೀರು ಬಿದ್ದು ಸೋರಿ ಹೋಗುವುದನ್ನು ಅಪ್ಪಯ್ಯ ಜಗಲಿಯಲ್ಲಿ ಕೂತು ನೋಡುತ್ತಿದ್ದರು. 7ಕ್ಕೆ ಕೊಯ್ದೆವು. ಮೂರು ಗೋಣಿ ಗೋಟಾಯಿತು.